ಬೇಳೆಗೆ ಉಪ್ಪು ಮರೆತ ದಿನ

ಆ ಜ್ವರ ಬಂದುಹೋದ ಮೇಲೆ ಊರಿನ ಹೆಚ್ಚಿನವರ ನಾಲಿಗೆ ಸತ್ತಿತ್ತು. ಈ ಮನೆಯಲ್ಲಿ ರುಚಿ ಉಳಿದದ್ದು ಸೊಸೆ ನೀಲವ್ವ ಒಬ್ಬಳಿಗೇ ಎಂದು ಮನೆಯವರ ನಂಬಿಕೆ. ಅವಳು ಉಂಡರೆ, ಅವಳ ನಾಲಿಗೆಯ ರುಚಿ ದಾಟಿಸುವ ಬಿಲ್ಲೆಯನ್ನು ಕಿವಿಯ ಹಿಂದೆ ಅಂಟಿಸಿಕೊಂಡ ಗಂಡನಿಗೂ ಅತ್ತೆಗೂ ರುಚಿ ಹತ್ತುತ್ತಿತ್ತು. ಉರಿ ಮಾತ್ರ ಅವಳದೇ.

ದಿನಕ್ಕೊಂದು ಹೊಸ ಅಡುಗೆ ಬೇಕೆನ್ನುವ ಅವರ ಹಟಕ್ಕೆ ಅವಳ ಬಾಯೆಲ್ಲ ಹುಣ್ಣಾಗಿತ್ತು. ಇವತ್ತು ಹಾಗಲಕಾಯಿಗೆ ಶೇಂಗಾ, ಬೆಲ್ಲ, ಕೆಂಪು ಖಾರ ಅರೆದು ತುಂಬಿದ್ದಳು.

"ನಾಲಿಗಿ ಭಾಳ ಉರಿತೈತ್ರಿ ಅತ್ತಿ. ನಾಳೆ ಒಂದಿನ ಮೊಸರನ್ನ ಉಣ್ತೀನ್ರಿ."

"ಹಂಗಾರ ನಾವು ಮಣ್ಣ ತಿನ್ನೂಣೇನು?" ಅತ್ತೆ ಗದರಿದಳು. "ಮೊದ್ಲ ಬಾಯಾಗ ಇಡು."

ನೀಲವ್ವ ಮೊದಲ ತುತ್ತು ಎತ್ತುವಷ್ಟರಲ್ಲಿ, ಪಕ್ಕದಲ್ಲಿ ಬೇಳೆ ಅನ್ನ ಉಣ್ಣುತ್ತಿದ್ದ ಆರು ವರ್ಷದ ಮಗಳು ಮುಖ ಕಿವಿಚಿದಳು.

"ಅವ್ವಾ, ಬ್ಯಾಳಿಗೆ ಉಪ್ಪ ಹಾಕೋದ ಮರ್ತಿ."

ನೀಲವ್ವನ ಕೈ ಅಲ್ಲೇ ನಿಂತಿತು. ಮಗುವಿನ ಕಿವಿಯ ಹಿಂದೆ ಬಿಲ್ಲೆ ಇರಲಿಲ್ಲ. ರುಚಿ ಗೊತ್ತಾದರೂ ಯಾರ ಮುಂದೆಯೂ ಹೇಳಬೇಡವೆಂದು ಅದಕ್ಕೆ ಮಾತು ಬಂದಾಗಿನಿಂದ ಕಲಿಸಿದ್ದಳು.

ಗಂಡ ತಲೆಯೆತ್ತಿ ಮಗಳನ್ನೇ ನೋಡಿದ. ಅತ್ತೆ ನಗುತ್ತ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಖಾರದ ಹಾಗಲಕಾಯಿಯನ್ನು ಅದರ ಬಾಯಿಗೆ ಹಿಡಿದಳು.

"ನಾಳಿಂದ ನೀ ಬೇಕಾದಷ್ಟ ಮೊಸರನ್ನ ಉಣ್ಣವಾ, ನೀಲಾ."