ಸಹಿ ಬಿದ್ದ ದಿನ

ಶನಿಯಾರನೇ ಗೂಢಚಾರ. ಮಾರ್ಚ್ ಇಪ್ಪತ್ತಮೂರರ ಮಧ್ಯಾಹ್ನ, ಮೂರನೆಯ ಲೋಟ ಚಹಾ ಮುಗಿಯುವಷ್ಟರಲ್ಲಿ ತ್ರ್ಯಂಬಕ ಹೆಗಡೆಗೆ ಅದು ಖಾತ್ರಿಯಾಯಿತು.

ಶನಿಯಾರ ಕಾಲೇಜಿನ ಜವಾನ. ಆಡಳಿತ ಮಂಡಳಿಗೂ ಅಧ್ಯಾಪಕರ ಸಂಘಕ್ಕೂ ಮಾತುಕತೆ ನಡೆಯುತ್ತಿದ್ದ ಕೋಣೆಗೆ ಚಹಾ ತರುವವನು. ತಂದವನು ಲೋಟ ಇಟ್ಟು ಹೋಗಬೇಕೋ ಬೇಡವೋ? ಸಂಘದ ಅಧ್ಯಕ್ಷನಾದ ಹೆಗಡೆಯ ಕಿವಿಯ ಹತ್ತಿರ ಬಗ್ಗಿ ದಿನಾ ಅದೇ ಪ್ರಶ್ನೆ.

"ಎಂತ ಆತು ಸರ್? ಮೂವತ್ತೊಂದರೊಳಗೆ ಮುಗೀತದಾ?"

ಹೆಗಡೆ ಕುಮಟಾದ ಆ ಹೊಸ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ತರ್ಕಶಾಸ್ತ್ರ. ಕೂಡಲೇ ತರ್ಕ ಹೂಡಿದ. ಅವಸರ ಇರುವುದು ಮಂಡಳಿಗೆ. ಶನಿಯಾರನಿಗೂ ಅವಸರ. ಆದ್ದರಿಂದ ಶನಿಯಾರ ಮಂಡಳಿಯವನು. ಇಂಥದೇ ತರ್ಕ ಬರೆದದ್ದಕ್ಕೆ ಅವನು ಹೋದ ವರ್ಷ ಹನ್ನೊಂದು ಹುಡುಗರನ್ನು ನಪಾಸು ಮಾಡಿದ್ದ. ಅದು ಆಗ ನೆನಪಾಗಲಿಲ್ಲ.

ಸಂಘದ ಬೇಡಿಕೆ ಒಂದೇ: ಖಾಯಂ ನೌಕರಿ. ಏಳು ಜನ ಅಧ್ಯಾಪಕರಿಗೂ ಪ್ರತಿ ಮಾರ್ಚಿನ ಕೊನೆಗೆ ನೌಕರಿ ಹೋಗುತ್ತಿತ್ತು, ಮಳೆ ಬಿದ್ದ ಮೇಲೆ ಜೂನಿನಲ್ಲಿ ಮರಳಿ ಸಿಗುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಹೆಗಡೆ ಹೆಂಡತಿ ಸುಮತಿಯನ್ನೂ ಒಂದು ಟ್ರಂಕನ್ನೂ ಕರಕೊಂಡು ಹೊನ್ನಾವರದ ಮಾವನ ಮನೆ ಸೇರುತ್ತಿದ್ದ. ನಾಲ್ಕು ವರ್ಷ ಆಯಿತು. "ಅಳಿಯಂದಿರು ಬಂದರು, ಏಪ್ರಿಲ್ ಬಂತು. ನಮ್ಮ ಮನೆಗೆ ಪಂಚಾಂಗ ಕೊಳ್ಳುವ ಖರ್ಚಿಲ್ಲ" ಎಂದು ಮಾವ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತಿಗೆ ತಾನೂ ನಗಬೇಕಾಗಿ ಬರುವುದೇ ಹೆಗಡೆಗೆ ಎಲ್ಲಕ್ಕಿಂತ ದೊಡ್ಡ ಸಂಕಟ.

"ಈ ವರ್ಷ ಟ್ರಂಕ್ ಇಳಸಡ" ಎಂದು ಅವನು ಹೆಂಡತಿಗೆ ಘೋಷಿಸಿದ್ದ.

"ಕಾಗದ ಕೈಗೆ ಬರ್ಲಿ, ಆಮೇಲೆ ನೋಡನ" ಎಂದಿದ್ದಳು ಸುಮತಿ. ಅವಳು ತರ್ಕಶಾಸ್ತ್ರ ಓದಿದವಳಲ್ಲ.

ನಿಜ ಹೇಳಬೇಕೆಂದರೆ ಒಪ್ಪಂದದ ಕರಡು ಇಪ್ಪತ್ತಾರಕ್ಕೇ ತಯಾರಾಗಿತ್ತು. ಮಂಡಳಿಯ ಕಾರ್ಯದರ್ಶಿ ಕೃಷ್ಣಾನಂದ ಶಾನಭಾಗರು ವಕೀಲರು, ಮೆತ್ತಗಿನ ಮನುಷ್ಯ. ಏಳೂ ಜನರ ಹೆಸರು ಬರೆಸಿ, ಇವರು ಇನ್ನು ಮುಂದೆ ಖಾಯಂ ಎಂದು ಒಂದೇ ವಾಕ್ಯ ಹಾಕಿಸಿದ್ದರು. ಉಳಿದದ್ದು ಸಹಿ ಮಾತ್ರ.

ಆದರೆ ಶನಿಯಾರ ಮತ್ತೆ ಬಗ್ಗಿದ. "ಮಾಡಿಬಿಡಿ ಸರ್. ಮೂವತ್ತೊಂದು ಬಂತು."

ಓಹೋ! ಶತ್ರುವಿಗೆ ಇಷ್ಟು ಆತುರವೇ? ಹಾಗಾದರೆ ಎಳೆಯಬೇಕು. ಎಳೆದಷ್ಟೂ ಮಂಡಳಿ ಬೆವರುತ್ತದೆ. ಹೆಗಡೆ ಎರಡನೆಯ ಕಲಮಿನ ಅಲ್ಪವಿರಾಮದ ಮೇಲೆ ಒಂದು ದಿನ ಮಾತಾಡಿದ. ಪೀಠಿಕೆಯ ಮೇಲೆ ಎರಡು ದಿನ. ಶಾನಭಾಗರು ಒಂದಿಷ್ಟೂ ಬೇಸರಿಸಲಿಲ್ಲ.

"ಸಾವಕಾಶ ಯೋಚನೆ ಮಾಡಿ ಹೆಗಡೇರೇ. ನಮಗೆ ಅವಸರ ಎಂತದ್ದು?"

ಅವಸರ ಇದ್ದವರೇ ಹೀಗೆ ಹೇಳುವುದು ಎಂದು ಹೆಗಡೆ ಹೊರಗೆ ಬಂದು ಸಂಘದವರಿಗೆ ವಿವರಿಸಿದ. ಆರೂ ಜನ ತಲೆದೂಗಿದರು.

ಮೂವತ್ತೊಂದರ ಸಂಜೆ ಶನಿಯಾರ ಚಹಾದ ಬದಲು ಲಕೋಟೆ ಹಂಚಿದ. ಹೆಗಡೆಯ ಕೈಗೆ ಕೊಡುವಾಗ ಅವನ ಮುಖ ಸೊಟ್ಟಗಾಗಿತ್ತು.

"ಓದಿ ಸರ್. ಈಗಲೇ ಓದಿ, ಒಳಗೆ ಹೋಗಿ ಸಹಿ ಮಾಡಿ. ಇನ್ನೂ ಹೊತ್ತಿದೆ."

"ಹೊತ್ತು ನೋಡಲಿಕ್ಕೆ ನನ್ನ ಹತ್ತಿರ ಗಡಿಯಾರ ಇದೆ" ಎಂದ ಹೆಗಡೆ. ಮಾತುಕತೆಯ ನಡುವೆ ಹೆದರಿಸುವ ಕಾಗದ ಕಳಿಸುತ್ತಾರಂತೆ! ಒಡೆಯದೆ ಕೋಟಿನ ಜೇಬಿಗೆ ತುರುಕಿದ. ಅಧ್ಯಕ್ಷ ಮಾಡಿದ್ದನ್ನೇ ಸಂಘವೂ ಮಾಡಿತು. ಎಂಥ ಒಗ್ಗಟ್ಟು ಎಂದು ಅವನ ಕಣ್ಣು ತುಂಬಿ ಬಂತು.

ಏಪ್ರಿಲ್ ಮೂರು. ಸಾಕಷ್ಟು ಎಳೆದಾಯಿತು ಎನಿಸಿ ಹೆಗಡೆ ಸಹಿಗೆ ಕೂತ. ಪೆನ್ನು ಎತ್ತಿದವನು ತಡೆದ. ಏಳು ಹೆಸರಿನ ಪಟ್ಟಿ! ಕಿರಾಣಿ ಅಂಗಡಿಯ ಚೀಟಿಯೇ ಇದು? ತರ್ಕಶಾಸ್ತ್ರದವನಿಗೆ ಸಾರ್ವತ್ರಿಕ ವಾಕ್ಯ ಬೇಕು. ಜೇಬಿನಿಂದ ಲಕೋಟೆ ತೆಗೆದು ಅದರ ಬೆನ್ನ ಮೇಲೆ ಬರೆದ: 'ಈ ಒಪ್ಪಂದಕ್ಕೆ ಸಹಿ ಬಿದ್ದ ದಿನ ಕಾಲೇಜಿನ ಸೇವೆಯಲ್ಲಿರುವ ಪ್ರತಿಯೊಬ್ಬರೂ ಖಾಯಂ.'

ಶಾನಭಾಗರು ಅದನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು.

"ಹೆಸರು ತೆಗೆದು ಇದನ್ನೇ ಹಾಕಬೇಕಾ? ವಿಚಾರ ಮಾಡಿದ್ದೀರಿ ತಾನೇ?"

"ಒಂದಕ್ಷರ ಬದಲಾಗಕೂಡದು."

"ನಿಮ್ಮಿಷ್ಟ" ಎಂದು ಶಾನಭಾಗರು ಕರಡು ತಿದ್ದಿಸಿ ಸಹಿ ಹಾಕಿದರು. ಹೆಗಡೆಯೂ ಹಾಕಿದ, ಸಾಕಷ್ಟು ದೊಡ್ಡದಾಗಿಯೇ. ಲಕೋಟೆ ಮತ್ತೆ ಅವನ ಜೇಬು ಸೇರಿತು. ಹೊರಗೆ ಆರು ಜನ ಚಪ್ಪಾಳೆ ತಟ್ಟಿದರು. ಪಂಚಾಂಗ ಕೊಂಡುಕೊಳ್ಳಿ ಎಂದು ಮಾವನಿಗೆ ಒಂದು ಕಾರ್ಡು ಬರೆಯಬೇಕೆಂದು ಅವನು ವಾಕ್ಯ ಕೂಡ ಜೋಡಿಸಿಟ್ಟುಕೊಂಡ.

ಗೇಟಿನ ಹತ್ತಿರ ಶನಿಯಾರ ಅಡ್ಡ ಬಂದು ಕೈ ಮುಗಿದ. ಕಣ್ಣಲ್ಲಿ ನೀರು.

"ನಿಮ್ಮ ಪುಣ್ಯ ಸರ್. ನಾನು ಖಾಯಂ ಆದೆ ಅಂತ ಶಾನಭಾಗ ವಕೀಲರೇ ಹೇಳಿದ್ರು."

ಗೆದ್ದವನಿಗೆ ಗೂಢಚಾರನ ಮೇಲೂ ಕರುಣೆ ಬರುತ್ತದೆ. "ಎಲ್ಲರೂ ಆದೆವಲ್ಲೋ ಮಾರಾಯಾ. ಅದಕ್ಕೆ ಅಳುವುದು ಎಂತಕ್ಕೆ?"

ಶನಿಯಾರ ಅವನ ಕೋಟಿನ ಜೇಬಿನಿಂದ ಇಣುಕುತ್ತಿದ್ದ, ಅಂಟು ಬಿಡದ ಲಕೋಟೆಯನ್ನೇ ನೋಡಿದ.

"ಅಯ್ಯೋ ದೇವರೇ, ನೀವು ಅದನ್ನ ಒಡೆದೇ ಇಲ್ರಾ ಸರ್?"

ಹೆಗಡೆ ಒಡೆದ. ತನ್ನದೇ ಸಾರ್ವತ್ರಿಕ ವಾಕ್ಯದ ಬೆನ್ನ ಹಿಂದೆ, ಪ್ರತಿ ವರ್ಷದ ಅದೇ ಒಂದು ಸಾಲು ಬೆಚ್ಚಗೆ ಕೂತಿತ್ತು: 'ಮಾರ್ಚ್ ೩೧ರ ಸಂಜೆಗೆ ತಮ್ಮ ಸೇವೆ ಮುಕ್ತಾಯವಾಗಿದೆ.'

ಸಹಿ ಬಿದ್ದ ಏಪ್ರಿಲ್ ಮೂರರಂದು ಕಾಲೇಜಿನ ಸೇವೆಯಲ್ಲಿದ್ದವನು, ಬೇಸಿಗೆಯಲ್ಲಿ ಖಾಲಿ ಕಟ್ಟಡ ಕಾಯುವ ಶನಿಯಾರ ಒಬ್ಬನೇ.