ದೋಣಿಕಟ್ಟೆಯ ಗೊಂಬೆ

ಪರದೆಯ ಮೇಲೆ ಜನವೋ ಜನ ಕಂಡಾಗ ಹಲ್ಲಿನಕ್ಕನ ಕೈಯಲ್ಲಿದ್ದ ಮೇಣ ಹೆರೆಯುವ ಚಾಕು ಜಾರಿ ನೆಲಕ್ಕೆ ಬಿತ್ತು. ಆನ್‌ಲೈನ್ ಆಟದ ಆ ದೋಣಿಕಟ್ಟೆ ಹತ್ತು ತಿಂಗಳಿಂದ ನರಪಿಳ್ಳೆಯೂ ಇಲ್ಲದ ಜಾಗ. ಪುಟ್ಟ ನೆಟ್‌ಬುಕ್ಕಿನ ತುಂಬ ಈಗ ಕತ್ತಿ ಹಿಡಿದವರು, ಕುದುರೆ ಏರಿದವರು, ರೆಕ್ಕೆ ಕಟ್ಟಿಕೊಂಡವರು. ಅಷ್ಟೂ ಮಂದಿ ಆಕೆಯ ಸುತ್ತಲೇ ನೆರೆದಿದ್ದರು. ಆಟದಲ್ಲಿ ಆಕೆಯದು ಗಾಳ ಹಿಡಿದ ಮೀನುಗಾರ್ತಿಯ ವೇಷ. ಆ ವೇಷದ ಕಾಲಬುಡದಲ್ಲಿ ಹೂವಿನ ರಾಶಿಯೇ ಬಿದ್ದಿತ್ತು.

ಮನೆಯಲ್ಲೇ ಕೂತು ಹಲ್ಲಿನ ಸೆಟ್ಟು ಮಾಡುವುದು ಆಕೆಯ ಕಸುಬು; ಬೀದಿಯವರಿಗೆಲ್ಲ ಆಕೆ ಹಲ್ಲಿನಕ್ಕ. ಅಚ್ಚಿಗೆ ಸುರಿದ ಪ್ಲಾಸ್ಟರ್ ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ದಿನಾ ನಾಲ್ಕಕ್ಕೆ ಸಿಗುವ ಆ ಬಿಡುವಿನಲ್ಲಿ ಆಟ. ಹುಚ್ಚು ಹತ್ತಿಸಿದವನು ಜೊತೆಗೇ ಕೆಲಸ ಮಾಡುತ್ತಿದ್ದ ತಮ್ಮ. ಆಕೆಯ ವೇಷ ಕಟ್ಟಿಕೊಟ್ಟವನೂ ಅವನೇ. ಅವನ ದೊಡ್ಡ ಕಂಪ್ಯೂಟರಿನಲ್ಲಿ ಇಬ್ಬರೂ ಇದೇ ದೋಣಿಕಟ್ಟೆಯಲ್ಲಿ ಸರದಿಯ ಮೇಲೆ ಮೀನು ಹಿಡಿಯುತ್ತಿದ್ದರು. ಒಂದು ದಿನ ಅವನು ಯಾರದೋ ಮೇಲ್ದವಡೆಗೆ ಇನ್ಯಾರದೋ ಕೆಳದವಡೆ ಜೋಡಿಸಿ ಕಳಿಸಿದ. ಆಕೆಯ ಬಾಯಿ ಮೊದಲೇ ಜೋರು. ದೂರು ಹೊತ್ತು ಬಂದ ಹಲ್ಲಿನ ಡಾಕ್ಟರ ಎದುರಿಗೇ ತಮ್ಮನ ಚಳಿ ಬಿಡಿಸಿದಳು. "ಈ ಹೊಸ್ತಿಲು ಇನ್ನು ತುಳೀಬೇಡ" ಎಂಬ ಮಾತೂ ಬಂದುಹೋಯಿತು. ಅವನು ಕಂಪ್ಯೂಟರ್ ಹೊತ್ತುಕೊಂಡು ಹೊರಟವನು ಫೋನ್ ನಂಬರನ್ನೂ ಬದಲಿಸಿದ.

ಆಕೆ ಹಳೆಯ ನೆಟ್‌ಬುಕ್ ಒಂದನ್ನು ತಂದಳು. ಆ ಬಡಪಾಯಿಗೆ ಈ ಆಟ ಹೊರಲಾರದ ಹೊರೆ. "ಬೇಡದ್ದನ್ನೆಲ್ಲ ಆಫ್ ಮಾಡಿ, ಓಡುತ್ತೆ" ಎಂದ ರಿಪೇರಿಯವನು. ಪಟ್ಟಿ ಮಾರುದ್ದವಿತ್ತು. ನೆರಳು, ಹುಲ್ಲು, ನೀರಿನ ಅಲೆ ಎಂದು ಮೂರು ಸಾಲು ಓದಿದಳು. ಉಳಿದದ್ದಕ್ಕೆ ತಾಳ್ಮೆ ಸಾಲದೆ, ಹೆಚ್ಚಾದ ಮೇಣ ಹೆರೆದು ಹಾಕುವ ಕೈಯಲ್ಲೇ ಸರಸರನೆ ಎಲ್ಲವನ್ನೂ ಆಫ್ ಮಾಡಿಬಿಟ್ಟಳು. ನೆಟ್‌ಬುಕ್ ಓಡಿತು. ಆಟದ ಊರು ಮಾತ್ರ ಬಿಕೋ ಎನ್ನುತ್ತಿತ್ತು. ಜನ ಹೊಸ ಆಟಗಳ ಹಿಂದೆ ಹೋಗಿರಬೇಕು ಎಂದುಕೊಂಡಳು. ತಮ್ಮನಾದರೂ ಬಂದೇ ಬರುತ್ತಾನೆ, ದಿನಕ್ಕೊಮ್ಮೆ ಗಾಳ ಹಾಕದಿದ್ದರೆ ಅವನಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬಂದ ಕೂಡಲೇ ಮನೆಗೆ ಕರೆಯಬೇಕು. ಹಾಗೆಂದು ಹತ್ತು ತಿಂಗಳು ದೋಣಿಕಟ್ಟೆಯ ಒಂದೇ ಹಲಗೆಯ ಮೇಲೆ ಕಾದು ಕೂತಳು. ಅವನು ಕಾಣಲೇ ಇಲ್ಲ. ಕಲ್ಲು ಮನಸ್ಸಿನವನು ಎಂದು ಹಲ್ಲು ಕಡಿದಳು, ಮರುದಿನ ಮತ್ತೆ ಹೋಗಿ ಕೂತಳು.

ಇವತ್ತು ಆಟಕ್ಕೆ ಹೊಸ ಅಪ್‌ಡೇಟ್ ಬಂದು, ಆಫ್ ಮಾಡಿದ್ದೆಲ್ಲ ತಾನಾಗಿಯೇ ಆನ್ ಆಗಿತ್ತು. ನೆಟ್‌ಬುಕ್ಕಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಆಕೆ ಪಟ್ಟಿ ತೆರೆದು ಈ ಸಲ ಕೊನೆಯವರೆಗೂ ಓದಿದಳು. ಕೊನೆಯ ಎರಡು ಸಾಲು ಹೀಗಿದ್ದವು: ಇತರ ಆಟಗಾರರು, ಆಟಗಾರರ ಮಾತು. ಊರು ಖಾಲಿಯಾಗಿರಲಿಲ್ಲ, ಆಕೆಯೇ ಎಲ್ಲರನ್ನೂ ಆಫ್ ಮಾಡಿ ಕೂತಿದ್ದಳು. ಆಕೆ ಟೈಪ್ ಮಾಡಿದಳು.

"ನೀವೆಲ್ಲ ಯಾವಾಗಿಂದ ಇಲ್ಲಿದ್ದೀರಿ?"

ನೆರೆದವರು ಒಮ್ಮೆಲೇ ಹಿಂದೆ ಸರಿದರು. ಕೊಡಲಿ ಹಿಡಿದ ಗಡ್ಡದವನೊಬ್ಬ ಬರೆದ: "ಗೊಂಬೆ ಮಾತಾಡ್ತು."

"ಗೊಂಬೆ ಅಲ್ಲ ಕಣಪ್ಪ. ನಿನ್ನ ಹಾಗೇ ಆಡೋಕೆ ಬಂದೋಳು."

"ಮತ್ತೆ ದಿನಾ ಅದೇ ಹೊತ್ತಿಗೆ ಬಂದು ಅದೇ ಜಾಗದಲ್ಲಿ ಕೂರ್ತೀರಿ, ಯಾರು ಮಾತಾಡಿಸಿದ್ರೂ ತುಟಿ ಬಿಚ್ಚಲ್ಲ. ಆಟದವರೇ ಮಾಡಿಟ್ಟ ಗೊಂಬೆ ಅಂತ ತಿಳ್ಕೊಂಡಿದ್ವಿ. ಹೊಸಬರು ಯುದ್ಧಕ್ಕೆ ಹೋಗೋ ಮುಂಚೆ ನಿಮಗೆ ಹೂ ಇಟ್ಟು ಹೋಗ್ತಾರೆ."

ಬೇರೆ ದಿನವಾಗಿದ್ದರೆ ಆಕೆ ಬಿದ್ದು ಬಿದ್ದು ನಗುತ್ತಿದ್ದಳು. ಗಡ್ಡದವನು ಇನ್ನೂ ಬರೆಯುತ್ತಿದ್ದ.

"ಒಬ್ಬ ಮಾತ್ರ ಒಪ್ತಿರ್ಲಿಲ್ಲ. ದಿನಾ ನಿಮ್ಮ ಪಕ್ಕದಲ್ಲೇ ಕೂತು, ತಪ್ಪಾಯ್ತು ಅಕ್ಕ, ದವಡೆ ಅದಲುಬದಲಾಗಿದ್ದು ನನ್ನಿಂದಲೇ ಅಂತಿದ್ದ. ನಾವು ನಗ್ತಿದ್ವಿ."

ಆಕೆ ಬರೆದಳು: "ಮನೆಗೇ ಹೋಗು ಅಂತ ಯಾರೂ ಹೇಳ್ಲಿಲ್ವಾ?"

"ಹೇಳಿದ್ವಿ. ಹೊಸ್ತಿಲು ತುಳೀಬೇಡ ಅಂದಿದಾಳೆ, ಇಲ್ಲಿ ಒಂದೇ ಒಂದು ಮಾತಾಡ್ಲಿ, ಓಡಿ ಹೋಗ್ತೀನಿ ಅಂತಿದ್ದ."

"ಈಗೆಲ್ಲಿ ಅವನು?"

"ಮೊನ್ನೆ ತನ್ನ ವೇಷಾನೂ ಅಳಿಸಿಹಾಕಿ ಆಟ ಬಿಟ್ಟುಹೋದ. ನಾವೇ ತಿಳಿ ಹೇಳಿದ್ವಿ. ನಿಮ್ಮಕ್ಕ ಯಾವತ್ತೋ ಆಟ ಬಿಟ್ಟಿರ್ತಾಳೆ, ಬಿಟ್ಟವರ ವೇಷಾನೇ ಆಟದವರು ಗೊಂಬೆ ಮಾಡಿ ಕೂರಿಸಿರ್ತಾರೆ ಅಂತ. ಕೊನೆಗೆ ಒಪ್ಕೊಂಡ. ‘ನೀವು ಹೇಳೋದೇ ಸರಿ, ನಮ್ಮಕ್ಕ ಆಗಿದ್ರೆ ಹತ್ತು ತಿಂಗಳು ಬಾಯಿ ಮುಚ್ಕೊಂಡು ಕೂರೋಳಲ್ಲ, ಒಂದು ಸಲನಾದ್ರೂ ಬೈದಿರೋಳು’ ಅಂದ."

ಅಚ್ಚಿನಲ್ಲಿ ಪ್ಲಾಸ್ಟರ್ ಯಾವಾಗಲೋ ಕಲ್ಲಾಗಿತ್ತು. ಹಲ್ಲಿನಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ತನ್ನ ಮೀನುಗಾರ್ತಿಯನ್ನು ಪಕ್ಕದ ಖಾಲಿ ಹಲಗೆಯ ಕಡೆ ತಿರುಗಿಸಿ ಬೈಯಲು ಶುರುಮಾಡಿದಳು. ಕತ್ತೆ, ಕೋತಿ, ದಂಡಪಿಂಡ, ಎರಡು ದವಡೆಗೆ ವ್ಯತ್ಯಾಸ ಗೊತ್ತಿಲ್ಲದವನೇ, ಎಲ್ಲಿ ಹಾಳಾಗಿ ಹೋದ್ಯೋ, ಮನೆಗೆ ಬಾರೋ. ಬಾಯಿಗೆ ಬಂದದ್ದನ್ನೆಲ್ಲ ಬೆರಳು ಬಡಿಯುತ್ತಿತ್ತು. ನೆಟ್‌ಬುಕ್ ಏದುಸಿರು ಬಿಡುತ್ತ ಒಂದೊಂದೇ ಅಕ್ಷರವನ್ನು ತಡವಾಗಿ ಮೂಡಿಸುತ್ತಿತ್ತು.

ಕೊಡಲಿಯವನು ಅದನ್ನೆಲ್ಲ ಓದಿ, ಉಳಿದವರ ಕಡೆ ತಿರುಗಿ ಬರೆದ: "ಅಯ್ಯೋ, ಇವರು ಅವನಕ್ಕನೇ ಕಣ್ರೋ."