ಕರಡಿ ಮಾಮಾ ಮಾತಾಡುವುದಿಲ್ಲ

ಆ ಜಡೆ ಹುಡುಗಿಯದೇ, ಇಲ್ಲ ಅಂಗಡಿಯಿಂದ ತಂದ ಚೌರಿಯೇ? ವಿಮಲಾಬಾಯಿ ಬಿಸಿಲಲ್ಲಿ ಸೇಡಂನಿಂದ ಬಸ್ಸು ಹತ್ತಿ ಬಂದದ್ದೇ ಅದನ್ನು ತಿಳಿಯಲು.

ಪಾರ್ಕಿನಲ್ಲಿ ಮೂರು ಬೆಂಚಿನ ಆಚೆ ಹಸಿರು ಚೂಡಿದಾರದ ಹುಡುಗಿ ತಾಯಿಯ ಜೊತೆ ಕುಳಿತಿದ್ದಳು. ಚಿಮ್ಮನಚೋಡದ ಭಾಗ್ಯಶ್ರೀ. ಮರುದಿನ ಸೋಮವಾರ ಅವಳನ್ನು ನೋಡಲು ಗಂಡಿನ ಕಡೆಯವರು ಹೋಗುವುದೆಂದು ಮಾತಾಗಿತ್ತು. ಆದರೆ ಸೀರೆ ಉಡಿಸಿ, ಪೌಡರ್ ಹಚ್ಚಿ, ಕೈಗೆ ಚಹಾದ ತಾಟು ಕೊಟ್ಟು ಕಳಿಸಿದ ಹುಡುಗಿಯನ್ನು ನಂಬುವ ಹೆಂಗಸಲ್ಲ ವಿಮಲಾಬಾಯಿ. ಮೊದಲು ಕದ್ದು ನೋಡಬೇಕು. ಅವಳನ್ನೂ ಅವಳ ಅತ್ತೆ ಹಾಗೆಯೇ ಬಾವಿಕಟ್ಟೆಯ ಮೇಲೆ ಕದ್ದು ನೋಡಿದ್ದಳು.

ಮಗ ಸಂತೋಷಕುಮಾರನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ, ಆದಿತ್ಯನಗರದಲ್ಲಿ ಕ್ವಾರ್ಟರ್ಸ್. ಹೀಗೆ ಕದ್ದು ನೋಡಿಯೇ ಆರು ಹುಡುಗಿಯರನ್ನು ಬೇಡವೆಂದಾಗಿತ್ತು. ಇವಳು ಏಳನೆಯವಳು. ಹೋದ ವರ್ಷ ಟೈಫಾಯ್ಡ್ ಬಂದು ಇವಳ ಕೂದಲೆಲ್ಲ ಉದುರಿತ್ತೆಂದು ಯಾರೋ ಕಿವಿಗೆ ಹಾಕಿದ್ದರು. ತಾಯಿ ಮಗಳು ಈ ರವಿವಾರ ಪಾರ್ಕಿಗೆ ಬರುತ್ತಾರೆಂಬ ಸುದ್ದಿಯೂ ಅವರಿಂದಲೇ ಬಂದದ್ದು.

ಶಹಾಬಾದ, ವಾಡಿ ಊರುಗಳ ನಡುವಿನ ಹಳೆಯ ಫರ್ಸಿಕಲ್ಲಿನ ಗಣಿಗೆ ನೀರು ತುಂಬಿಸಿ ಪಾರ್ಕ್ ಮಾಡಿದ್ದರು. ಜಾರುಬಂಡಿ, ದೋಣಿ, ಪ್ಲಾಸ್ಟಿಕ್ ಆನೆ ಎಲ್ಲ ಇದ್ದವು. ಆದರೆ ಮಕ್ಕಳಿಗೆ ಬೇಕಾದದ್ದು ಕರಡಿ. ಕಂದು ಉಣ್ಣೆಯ ದೊಡ್ಡ ಮೈ, ಅದಕ್ಕಿಂತ ದೊಡ್ಡ ತಲೆ, ಒಳಗೆ ಯಾರೋ ಒಬ್ಬ. ಗೇಟಿನಲ್ಲಿ ಬೋರ್ಡು: 'ಕರಡಿ ಮಾಮಾ ಮಾತಾಡುವುದಿಲ್ಲ. ಕೈ ಕುಲುಕಿ, ಫೋಟೋ ತೆಗೆಸಿಕೊಳ್ಳಿ.' ಬಾಯಿ ಬಿಟ್ಟರೆ ಒಳಗಿನವನ ಕೆಲಸ ಹೋದಂತೆಯೇ ಎಂದು ಟಿಕೆಟ್ ಹರಿಯುವವನು ನಕ್ಕು ಹೇಳಿದ್ದ.

ವಿಮಲಾಬಾಯಿ ಗುರುತಿಲ್ಲದವಳಂತೆ ಹೋಗಿ ತಾಯಿ ರಾಜೇಶ್ವರಿಯನ್ನು ಮಾತಿಗೆಳೆದಳು.

"ಯಜಮಾನ್ರು ಬಂದಿಲ್ಲೇನ್ರಿ?"

"ಎಲ್ಲಿ ಬರ್ತಾರ್ರಿ ಅಕ್ಕಾ, ರವಿವಾರನೇ ಅವರಿಗಿ ಡ್ಯೂಟಿ ಭಾಳ. ಶಹಾಬಾದ ಕಂಪನ್ಯಾಗ ಸೂಪರ್‌ವೈಜರ್ ಅದಾರ. ಈ ಪಾರ್ಕಿನ ಪಾಸ್ ಅವರೇ ಕಳ್ಸ್ಯಾರ. ಲಗ್ನ ಆಗಿ ಹೋಗಾಕಿ, ಒಂದ್ ದಿನ ನಕ್ಕೊಂತ ಇರಲಿ ಅಂತ."

ಸೂಪರ್‌ವೈಜರ್. ಅದು ವಿಮಲಾಬಾಯಿಗೆ ಹಿಡಿಸಿತು. ಕೂಲಿಯವರ ಮಗಳನ್ನು ಹೊಸಿಲು ದಾಟಿಸುವುದಿಲ್ಲವೆಂದು ಮಧ್ಯಸ್ಥರಿಗೆ ಮೊದಲೇ ಹೇಳಿದ್ದಳು.

ಅಷ್ಟರಲ್ಲಿ ಕರಡಿ ಬಂತು. ಕಾಲಿಗೆ ಜೋತುಬಿದ್ದ ಮಕ್ಕಳನ್ನೆಲ್ಲ ಬಿಡಿಸಿಕೊಂಡು ನೆಟ್ಟಗೆ ಭಾಗ್ಯಶ್ರೀಯ ಮುಂದೆ ನಿಂತು ಕುಣಿಯಿತು. ಕಿವಿ ಹಿಡಿದು ಬಸ್ಕಿ ಹೊಡೆಯಿತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಲ್ಲು ಸಾಲಾಗಿವೆ, ವಿಮಲಾಬಾಯಿ ನೋಡಿಕೊಂಡಳು. ಕರಡಿಗೂ ಚೆಂದದ ಹುಡುಗಿಯೇ ಬೇಕು, ಎಂದುಕೊಂಡಳು. ಆಗಲೇ ಉಪಾಯ ಹೊಳೆಯಿತು. ಎದ್ದು ಹೋಗಿ ಐಸ್‌ಕ್ರೀಮ್ ಗಾಡಿಯ ಹಿಂದೆ ನಿಂತು ಅದನ್ನು ಕರೆದಳು.

"ಏ ಕರಡಿ, ಈಕಡಿ ಬಾ. ಆ ಹಸರ ಚೂಡಿದಾರದಾಕಿ ಜಡಿ ಹಿಡದು ಜಗ್ಗು. ಚೌರಿ ಅದನೋ, ಖರೇ ಕೂದಲ ಅದನೋ, ನಂಗ ಗೊತ್ತಾಗಬೇಕು."

ಕರಡಿ ತಲೆ ಅಲ್ಲಾಡಿಸಿತು.

"ಒಲ್ಲೆ ಅಂತಿ? ನಾ ಅಕಿನ್ನ ನೋಡಾಕ ಬಂದೀನಿ, ವರನ ತಾಯಿ. ಜಡಿ ಖರೇ ಇದ್ರ ಲಗ್ನ, ಇಲ್ಲಂದ್ರ ಇಲ್ಲ. ನೀ ಜಗ್ಗಲಿಲ್ಲಂದ್ರ ಚೌರಿನೇ ಅಂತ ತಿಳಕೊಂಡು ಮನಿಗಿ ಹೋಗ್ತೀನಿ. ಒಂದು ಹುಡುಗಿ ಲಗ್ನ ನಿನ್ನ ಕೈಯಾಗದ ನೋಡು."

ಕರಡಿ ಕಲ್ಲಿನಂತೆ ನಿಂತುಬಿಟ್ಟಿತು. ಒಳಗಿನಿಂದ ಉಸಿರು ಏರಿ ಇಳಿಯುವ ಸದ್ದು. ಈ ಬಿಸಿಲಲ್ಲಿ ಬೇಯುತ್ತಿರಬೇಕು, ಪಾಪ.

"ಏನ್ ನೋಡಾಕತ್ತಿ? ನಡಿ!"

ಅದು ಮೆಲ್ಲಗೆ ತಿರುಗಿ ನಡೆಯಿತು. ಭಾಗ್ಯಶ್ರೀಯ ಹಿಂದೆ ನಿಂತು ಜಡೆಯ ತುದಿಯನ್ನು ಮುಟ್ಟಿ ಮುಟ್ಟದಂತೆ ಎತ್ತಿತು. ಅವಳು ತಿರುಗಿ ನಕ್ಕಳು. ವಿಮಲಾಬಾಯಿ ದೂರದಿಂದಲೇ ಮುಷ್ಟಿ ಕಟ್ಟಿ ಸನ್ನೆ ಮಾಡಿದಳು: ಹಾಗಲ್ಲ, ಜೋರಾಗಿ.

ಕರಡಿ ಜಡೆಯನ್ನು ಪಂಜಕ್ಕೆ ಸುತ್ತಿಕೊಂಡು ಜಗ್ಗಿತು.

ಹುಡುಗಿಯ ಕತ್ತು ಹಿಂದಕ್ಕೆ ಬಾಗಿತು. ಅವಳ ಕೂಗು ಗಣಿಯ ಕಲ್ಲಿಗೆ ಬಡಿದು ತಿರುಗಿ ಬಂತು. ಜಡೆ ಬಿಚ್ಚಿ ಬರಲಿಲ್ಲ. ಮುಡಿದ ಮಲ್ಲಿಗೆ ಮಾತ್ರ ಕೆಳಗೆ ಬಿತ್ತು. ಸುತ್ತಲಿದ್ದವರು ಆಟವೆಂದುಕೊಂಡು ನಕ್ಕರು. ಇಬ್ಬರು ವಿಡಿಯೋ ಮಾಡಿಕೊಂಡರು.

ಭಾಗ್ಯಶ್ರೀ ಎದ್ದಳು. ಕಾಲಿನ ಚಪ್ಪಲಿ ಕೈಗೆ ಬಂತು. ಒಂದು, ಎರಡು, ಮೂರು, ಕರಡಿಯ ಮುಖದ ಮೇಲೆಯೇ.

"ನಿನಗ ಹೆಣ್ಣಮಕ್ಕಳಿಲ್ಲೇನೋ ಭಾಡ್ಯಾ?"

ಕರಡಿ ಕೈ ಅಡ್ಡ ಹಿಡಿಯಲಿಲ್ಲ. ಬಗ್ಗಿ ಮಲ್ಲಿಗೆಯನ್ನು ಆರಿಸಿಕೊಂಡು ಅವಳತ್ತ ಚಾಚಿತು. ಹುಡುಗಿ ಅದರ ಮೇಲೆ ಉಗುಳಿದಳು. ರಾಜೇಶ್ವರಿ ಅಳುವ ಮಗಳನ್ನು ತಬ್ಬಿಕೊಂಡು ಗೇಟಿನತ್ತ ನಡೆದಳು.

ಅವರು ಹೋಗುವವರೆಗೂ ನೋಡುತ್ತ ನಿಂತಿದ್ದು, ಕರಡಿ ಬೆಂಚಿಗೆ ಮರಳಿದ್ದ ವಿಮಲಾಬಾಯಿಯ ಬಳಿ ಬಂತು.

"ಶಾಣ್ಯಾ ಇದ್ದಿ. ಜಡಿ ಖರೇನೇ ಅದ."

ಕರಡಿಯ ಹೆಗಲು ಸಡಿಲಾಯಿತು.

"ಆದ್ರ ಹುಡುಗಿ ಬ್ಯಾಡ. ಇವತ್ತ ನಿನಗ ಚಪ್ಪಲಿ ತಗೊಂಡಾಕಿ, ನಾಳಿ ನಂಗೂ ತಗೋತಾಳ."

ಕರಡಿ ಎರಡೂ ಪಂಜ ಜೋಡಿಸಿತು. ಇನಾಮು ಕೇಳುತ್ತಿದ್ದಾನೆಂದು ವಿಮಲಾಬಾಯಿ ಹತ್ತರ ನೋಟು ಚಾಚಿದಳು. ಅದು ನೋಟು ಮುಟ್ಟಲಿಲ್ಲ. ಕುಸಿದು ಕುಳಿತು, ಆ ದೊಡ್ಡ ತಲೆಯನ್ನು ಅವಳ ಪಾದಗಳ ಮೇಲೆ ಇಟ್ಟಿತು.

"ಏಳೋ ಹುಚ್ಚಾ! ಹತ್ತು ರೂಪಾಯಿ ಸಾಲಲ್ಲಂತ ಇಷ್ಟು ನಾಟಕೇನು?" ಅವಳಿಗೆ ನಗು ತಡೆಯಲಾಗಲಿಲ್ಲ.

ಕರಡಿ ಏಳಲಿಲ್ಲ. ಇರಲಿ ಬಿಡು ಎಂದು ಅವಳು ಚೀಲದಿಂದ ಫೋನು ತೆಗೆದಳು. ಹುಡುಗಿಯ ತಂದೆ ಕಾಶೀನಾಥನ ನಂಬರನ್ನು ಮಧ್ಯಸ್ಥರು ಕೊಟ್ಟಿದ್ದರು. ಬೇಡವೆಂಬ ಮಾತನ್ನು ಹೆಣ್ಣು ಹೆತ್ತವನಿಗೆ ತಾನೇ ಹೇಳುವುದು ಅವಳ ಪದ್ಧತಿ. ಅದರಲ್ಲೊಂದು ರುಚಿ ಇತ್ತು. ನಂಬರು ಒತ್ತಿ ಕಿವಿಗೆ ಹಿಡಿದಳು.

ಅವಳ ಕಾಲ ಬುಡದಲ್ಲಿ, ಕರಡಿಯ ಹೊಟ್ಟೆಯೊಳಗೆ, ಫೋನು ರಿಂಗಾಯಿತು.